ಮಕ್ಕಾದಾಗ ಕೆಮ್ಮು ಹತ್ತಿದ್ರ ಮೊದ್ಲು ಚೀಟಿ, ಆಮ್ಯಾಲೆ ಗುಳಿಗಿ

ನಮ್ದು ಗಂಗಾವತಿ, ಈಗ ಜೆದ್ದಾದಾಗ ಇದ್ದೀನಿ. ಹಜ್ಜಿಗೆ, ಉಮ್ರಾಕ್ಕೆ (ವರ್ಷದಾಗ ಯಾವಾಗ ಬೇಕಾದ್ರೂ ಮಾಡೋ ಸಣ್ಣ ಯಾತ್ರೆ) ಬರೋ ಬಳ್ಳಾರಿ, ರಾಯಚೂರು, ಕೊಪ್ಪಳ ಕಡಿ ಮಂದಿಗೆ ಕೆಮ್ಮು ಹತ್ತಿದ ಕೂಡ್ಲೇ ಫೋನ್ ಬರೋದು ಒಂದೇ ಮಾತಿಗೆ, "ಭಾಯ್, ಇಲ್ಲಿ ಮೆಡಿಕಲ್‌ನ್ಯಾಗ ಗುಳಿಗಿ ಕೊಡವಲ್ರು".

ಸಿರುಗುಪ್ಪದ ಚಾಚಾ ಒಬ್ರನ್ನ ಹರಮ್ ಅಂದ್ರ ಮಕ್ಕಾದ ದೊಡ್ಡ ಮಸೀದಿ ಹತ್ರ ಸಯ್ದಲಿಯಾಕ್ಕೆ ಕರ್ಕೊಂಡು ಹೋಗಿದ್ದೆ, ಸಯ್ದಲಿಯಾ ಅಂದ್ರ ಮೆಡಿಕಲ್ ಶಾಪ್. ಜೇಬಿನಿಂದ ಅಜಿತ್ರೋಮೈಸಿನ್ ಅನ್ನೋ ಆಂಟಿಬಯೋಟಿಕ್‌ದು (ಬ್ಯಾಕ್ಟೀರಿಯಾ ಕೊಲ್ಲೋ ಔಷಧ) ಖಾಲಿ ಸ್ಟ್ರಿಪ್ ತೆಗೆದು ಕೌಂಟರ್ ಮ್ಯಾಲೆ ಇಟ್ರು, ಊರಾಗ ಅಷ್ಟು ಮಾಡಿದ್ರ ಸಾಕಿತ್ತು. ಆ ಹುಡುಗ ಸ್ಟ್ರಿಪ್ ಹಿಂದಕ್ಕೆ ತಳ್ಳಿ "ವಸ್ಫಾ, ವಸ್ಫಾ" ಅಂದ. ವಸ್ಫಾ ಅಂದ್ರ ಡಾಕ್ಟರ್ ಚೀಟಿ, ಈ ಪದ ನೆನಪಿಟ್ಕೊಳ್ರಿ. ಚಾಚಾಗೆ ಸಿಟ್ಟು ಬಂತು, ಆದ್ರ ಹುಡುಗಂದು ತಪ್ಪಿಲ್ಲ, 2018ರಿಂದ ಸೌದಿಯಾಗ ಚೀಟಿ ಇಲ್ದ ಆಂಟಿಬಯೋಟಿಕ್ ಕೊಡೋದನ್ನ ಬಿಗಿಯಾಗಿ ನಿಲ್ಲಿಸ್ಯಾರ, ಕೊಟ್ಟ ಅಂಗಡಿಗೆ ಭಾರಿ ದಂಡ. ನಮ್ಮ ದೇಶದಾಗೂ ಕಾನೂನು ಹಂಗೇ ಐತ್ರಿ, ಸ್ಟ್ರಿಪ್ ಮ್ಯಾಲೆ ಕೆಂಪು ಗೆರೆ ಇರೋದು ಅದಕ್ಕೇ, ಆದ್ರ ಪಾಲಿಸೋರು ಕಡಿಮಿ.

ಲಕ್ಷಗಟ್ಟಲೆ ಮಂದಿ ಮಕ್ಕಾ ಹತ್ರದ ಮಿನಾದ ಡೇರೆಯಾಗ ಒಬ್ಬರ ಪಕ್ಕ ಒಬ್ಬರು ಮಲಗ್ತಾರ, ತವಾಫ್‌ನ್ಯಾಗ (ಕಾಬಾ ಸುತ್ತ ಸುತ್ತು ಹಾಕೋದು) ಭುಜಕ್ಕ ಭುಜ ತಾಗತೈತಿ, ಮ್ಯಾಲೆ ಧೂಳು, ಬಿಸಿಲಿಂದ ಸೀದಾ ಎಸಿ ಒಳಗ, ಹಿಂಗಾಗಿ ಕೆಮ್ಮು ನೆಗಡಿ ಭಾಳ ಮಂದಿಗೆ ಹತ್ತೇ ಹತ್ತತೈತಿ. ಅದ್ರಾಗ ಬಹುಪಾಲು ವೈರಸ್, ರೈನೋವೈರಸ್, ಫ್ಲೂ ಇಂಥವು, ಇವಕ್ಕ ಆಂಟಿಬಯೋಟಿಕ್ ಏನೂ ಮಾಡಂಗಿಲ್ಲ. ಮಾಡೋದೇನಂದ್ರ, ಹೊಟ್ಟಿಯಾಗಿರೋ ಬ್ಯಾಕ್ಟೀರಿಯಾಕ್ಕ ಔಷಧ ತಡ್ಕೊಳ್ಳೋದು ಕಲಿಸತೈತಿ. ಹಜ್ಜಿಗೆ ಹೋಗಿ ಬಂದೋರ ಕರುಳಿನಾಗ ಅಂಥ ಗಟ್ಟಿ ಕ್ರಿಮಿ ಸಿಕ್ಕಿದ್ದನ್ನ ಪರೀಕ್ಷೆ ಮಾಡಿದೋರು ಬರ್ದಿದ್ದಾರ. ಅದು ನಿಮ್ಮ ಜತಿಗೇ ಊರಿಗೆ ಬಂದು ಮನಿಯಾಗ ಮೊಮ್ಮಕ್ಕಳಿಗೂ ಹರಡಬಹುದು, ನನಗ ದೊಡ್ಡ ಚಿಂತಿ ಇದೇ.

ಇನ್ನ ಡಾಕ್ಟರ್ ಎಲ್ಲಿ ಅಂದ್ರ, ಹಜ್ ವೀಸಾ ಇದ್ದೋರಿಗೆ ಮಕ್ಕಾ, ಮಿನಾ, ಅರಫಾತ್‌ದ ಸರ್ಕಾರಿ ಆಸ್ಪತ್ರಿಯಾಗ ಫ್ರೀ, ಇಂಡಿಯನ್ ಹಜ್ ಮಿಷನ್‌ದೂ ಡಿಸ್ಪೆನ್ಸರಿ ಇರ್ತಾವು, ಭಾಷಿ ತೊಂದ್ರಿ ಇಲ್ಲ, ಹಾಜಿಗಳ ಸೇವೆಗೆ ಜತಿಗೇ ಬರೋ ಹಜ್ ಇನ್‌ಸ್ಪೆಕ್ಟರ್‌ಗೆ (ಮೊದ್ಲು ಖಾದಿಮ್ ಅಂತಿದ್ರು) ಹೇಳಿದ್ರ ತೋರಿಸ್ತಾರ. ಉಮ್ರಾ ವೀಸಾದ ಜತಿಗೇ ಇನ್ಶೂರೆನ್ಸ್ ಬರತೈತಿ, ಅದು ಎಮರ್ಜೆನ್ಸಿಗಷ್ಟೇ. ಇಕಾಮಾ (ಸೌದಿಯಾಗ ಇರೋಕ ಕೊಡೋ ಪರವಾನಗಿ) ಮ್ಯಾಲೆ ಕೆಲ್ಸ ಮಾಡೋರು ಕಂಪನಿ ಇನ್ಶೂರೆನ್ಸ್ ತೋರಿಸ್ರಿ. ಫೋನಿನಾಗ ಆರೋಗ್ಯ ಸಲಹೆ ಬೇಕಂದ್ರ 937ಕ್ಕೆ, ಆಂಬುಲೆನ್ಸ್ ಬೇಕಂದ್ರ 997ಕ್ಕೆ ಫೋನ್ ಮಾಡ್ರಿ.

ಉಸಿರು ಕಟ್ಟಿದಂಗಾದ್ರ, ಎದಿ ನೋವು ಬಂದ್ರ, ಜ್ವರ ಮೂರು ದಿನಕ್ಕೂ ಇಳೀಲಿಲ್ಲಂದ್ರ ಕಾಯಬ್ಯಾಡ್ರಿ, ಶುಗರ್, ಅಸ್ತಮಾ ಇದ್ದೋರಂತೂ ಮೊದಲ ದಿನವೇ ತೋರಿಸ್ರಿ. ಡಾಕ್ಟರ್ ಆಂಟಿಬಯೋಟಿಕ್ ಬರ್ದ್ರ ಅವರು ಹೇಳಿದಷ್ಟು ದಿನ ತಗೊಳ್ರಿ, ಉಳಿದದ್ದನ್ನ ಡೇರೆಯಾಗ ಪಕ್ಕದೋರಿಗೆ ಹಂಚಬ್ಯಾಡ್ರಿ, ಪುಣ್ಯ ಅಂತ ಮಾಡ್ತಾರ ಆದ್ರ ಪಡ್ಕೊಂಡೋರಿಗೆ ಅದು ಕೆಡುಕೇ.

ಊರು ಬಿಡೋಕು ಮುಂಚೆ ಮೆನಿಂಜೈಟಿಸ್ (ಮಿದುಳು ಪೊರೆಯ ಉರಿಯೂತ) ಲಸಿಕೆ ಕಡ್ಡಾಯ, ಸೌದಿ ತಲುಪೋ 10 ದಿನಕ್ಕಿಂತ ಮುಂಚೇನೇ ಆಗಿರಬೇಕು, ಜತಿಗೆ ಫ್ಲೂ ಲಸಿಕೆನೂ ಹಾಕಿಸ್ಕೊಳ್ರಿ. ಕೊಡೀನ್ (ಅಫೀಮಿನ ಜಾತಿ, ನಶೆ ತರೋ ಔಷಧ) ಇರೋ ಕೆಮ್ಮಿನ ಸಿರಪ್ ಬ್ಯಾಗಿನಾಗ ಇಡಬ್ಯಾಡ್ರಿ, ಏರ್‌ಪೋರ್ಟ್‌ನ್ಯಾಗ ಸಿಕ್ಕಿಬೀಳ್ತೀರಿ, ಗಸಗಸೆನೂ ಅಷ್ಟೇ. ಒಂಟೆ ಹತ್ರ ಹೋಗೋದು, ಹಸಿ ಒಂಟೆ ಹಾಲು ಕುಡಿಯೋದು ಬ್ಯಾಡ, ಮೆರ್ಸ್ ಅನ್ನೋ ಕೊರೊನಾ ಜಾತಿ ರೋಗ 2012ರಾಗ ಗೊತ್ತಾಗಿದ್ದು ಇಲ್ಲೇ, ಒಂಟೆಯಿಂದ ಬರತೈತಿ. ವಾಪಸ್ ಬಂದ 14 ದಿನದಾಗ ಜ್ವರ ಕೆಮ್ಮು ಬಂದು ಸರ್ಕಾರಿ ಆಸ್ಪತ್ರಿಗೆ, ರಾಯಚೂರು ರಿಮ್ಸ್‌ಗೋ, ಬಳ್ಳಾರಿ ಬಿಎಂಸಿಆರ್‌ಸಿಗೋ (ಮೊದ್ಲಿನ ವಿಮ್ಸ್) ಹೋದ್ರ, ಬಾಗಿಲಾಗ ಕಾಲಿಡೋ ಮುಂಚೆ ಮಾಸ್ಕ್ ಹಾಕ್ಕೊಂಡು "ಸೌದಿಯಿಂದ ಬಂದೀನಿ, ಅಲ್ಲಿ ಈ ಗುಳಿಗಿ ತಗೊಂಡೀನಿ" ಅಂತ ಹೇಳಿ ಚೀಟಿ ತೋರಿಸ್ರಿ.