ಹಾಡಿನ ಕೆಳಗೆ ಉಳಿದಿದ್ದ ದನಿ

ನಾನು ವಿಡಿಯೋ ಕೆಲಸಕ್ಕೆ ಸೇರಿದ್ದು 1991ರಲ್ಲಿ, ಹಳೇ ಬಾಗಲಕೋಟೆಯಲ್ಲಿ. ಆಗಷ್ಟೇ ಹತ್ತನೇ ಕ್ಲಾಸು ಮುಗಿದಿತ್ತು. ಮದುವೆ ಮನೆಯಲ್ಲಿ ಲೈಟ್ ಹಿಡಿಯುವುದು ನನ್ನ ಕೆಲಸ. ಆ ಹ್ಯಾಲೊಜೆನ್ ಲೈಟಿನ ಬಿಸಿಗೆ ಮದುಮಗಳ ಹಣೆಯ ಕುಂಕುಮ ಬೆವರಿನ ಜೊತೆ ಇಳಿಯುತ್ತಿತ್ತು. ಕ್ಯಾಮೆರಾ ಪ್ಯಾನಾಸೋನಿಕ್‌ದು, ಹೆಗಲ ಮೇಲೆ ಇಟ್ಟುಕೊಳ್ಳುವಂಥದ್ದು. ದೊಡ್ಡ ವಿಎಚ್‌ಎಸ್ ಕ್ಯಾಸೆಟ್ ಹಾಗೇ ಅದರ ಹೊಟ್ಟೆಯಲ್ಲಿ ಕೂರುತ್ತಿತ್ತು. ಮದುವೆ ಇಲ್ಲದ ದಿನ ಅಂಗಡಿಯಲ್ಲಿ ಸಿನಿಮಾ ಕ್ಯಾಸೆಟ್ ಬಾಡಿಗೆ ಕೊಡುವುದು, ಕ್ಯಾಸೆಟ್ ಹಾಕಿ ಟಿವಿಯಲ್ಲಿ ನೋಡುವ ಮಷೀನು ಅಂದರೆ ವಿಸಿಆರ್ ರಿಪೇರಿ.

ಈಗ ನವನಗರದಲ್ಲಿ ನನ್ನದೇ ಒಂದು ಸಣ್ಣ ಸ್ಟುಡಿಯೊ ಇದೆ. ನಾಲ್ಕು ವರ್ಷದಿಂದ ಜನರ ಹಳೇ ಕ್ಯಾಸೆಟ್‌ಗಳನ್ನು ಕಂಪ್ಯೂಟರ್‌ಗೆ ಇಳಿಸಿ ಕೊಡುತ್ತಿದ್ದೇನೆ. ಬೇರೆ ಊರಿನವರಿಗೆ ಮದುವೆ ಕ್ಯಾಸೆಟ್ ಅಂದರೆ ಮದುವೆ ಅಷ್ಟೇ. ನಮ್ಮಲ್ಲಿ ಹಾಗಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಊರಿನ ಎಷ್ಟೋ ಓಣಿಗಳು ಹೋದವು. ಮನೆ ಬಿಡುವಾಗ ಬಾಗಿಲು, ತೊಲೆ ಕಿತ್ತು ತಂದವರಿದ್ದಾರೆ. ಪಡಸಾಲೆಯನ್ನು ತರಲು ಆಗುತ್ತದೆಯೇ? ಅದು ಉಳಿದಿರುವುದು ಈ ಕ್ಯಾಸೆಟ್‌ಗಳಲ್ಲಿ. ಅಕ್ಷತೆ ಬೀಳುವಾಗ ಹಿಂದೆ ಕಾಣುವ ಗೋಡೆಯ ಗೂಡು, ಮನೆ ಮುಂದಿನ ಕಟ್ಟೆ, ಅದರ ಪಕ್ಕದ ಬೇವಿನ ಮರ. ಮದುಮಕ್ಕಳನ್ನು ಬಿಟ್ಟು ಅದನ್ನೇ ನೋಡಿ ಕಣ್ಣೊರೆಸಿಕೊಂಡವರನ್ನು ನಾನು ನೋಡಿದ್ದೇನೆ. ಒಬ್ಬರ ಹೋಳಿ ಕ್ಯಾಸೆಟ್‌ನಲ್ಲಿ ಬಣ್ಣದ ಬ್ಯಾರಲ್ ಹೇರಿದ ಬಂಡಿಗಳು ಇಡೀ ಓಣಿ ದಾಟುವುದು ಇತ್ತು. ಅವರು ಬಂಡಿ ನೋಡಲಿಲ್ಲ. ಒಂದೊಂದೇ ಮನೆ ತೋರಿಸಿ ಯಾರದ್ದು ಅಂತ ಹೇಳುತ್ತಾ ಹೋದರು.

ಮೊದಲ ಕಷ್ಟ ಮಷೀನಿನದು. ಹೊಸ ವಿಸಿಆರ್ ಈಗ ಯಾರೂ ಮಾಡುವುದಿಲ್ಲ. ಕೊನೆವರೆಗೂ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರ ಜುಲೈಗೆ ನಿಲ್ಲಿಸಿಬಿಟ್ಟಿತು. ನಾನು ಗುಜರಿಯಿಂದ ಐದು ತಂದು, ಒಂದರ ಭಾಗ ಇನ್ನೊಂದಕ್ಕೆ ಹಾಕಿ ಎರಡನ್ನು ನಡೆಯುವಂತೆ ಮಾಡಿದೆ. ಜಾಸ್ತಿ ಹಾಳಾಗಿದ್ದು ರಬ್ಬರ್ ಬೆಲ್ಟ್‌ಗಳು. ಕೆಲವು ಬೆಲ್ಲದ ಪಾಕದಂತೆ ಕೈಗೆ ಅಂಟಿದವು.

ಟೇಪಿನಲ್ಲಿರುವುದನ್ನು ಓದುವ ಭಾಗಕ್ಕೆ ಹೆಡ್ ಅನ್ನುತ್ತೇವೆ. ಅದನ್ನು ಒರೆಸುವುದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ವಿಸಿಆರ್‌ನಲ್ಲಿ ಟೇಪು ನಿಧಾನಕ್ಕೆ ಹರಿಯುತ್ತದೆ, ಸೆಕೆಂಡಿಗೆ ಎರಡೂಕಾಲು ಸೆಂಟಿಮೀಟರ್‌ಗಿಂತ ತುಸು ಜಾಸ್ತಿ. ಆದರೆ ಹೆಡ್ ಕೂತ ಡ್ರಮ್ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದರಲ್ಲಿ ಉಗುರಿನ ಚೂರಿಗಿಂತ ಸಣ್ಣ ಹೆಡ್‌ಗಳಿರುತ್ತವೆ. ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಒರೆಸಿದರೆ ಎಳೆ ಸಿಕ್ಕಿ ಹೆಡ್ ಮುರಿಯಬಹುದು. ನಾನು ಮಾಡುವುದು ಇಷ್ಟು: ಬಿಳಿ ಕಾಗದದ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒದ್ದೆ ಮಾಡಿ, ಡ್ರಮ್ಮಿಗೆ ಹಗುರಾಗಿ ತಾಗಿಸಿ ಹಿಡಿಯುತ್ತೇನೆ. ಕಾಗದ ಅಲುಗಾಡಿಸುವುದಿಲ್ಲ. ಇನ್ನೊಂದು ಕೈಯಿಂದ ಡ್ರಮ್ಮನ್ನು ಮೇಲಿನಿಂದ ಹಿಡಿದು ಮೆಲ್ಲಗೆ ತಿರುಗಿಸುತ್ತೇನೆ. ಕಾಗದದ ಮೇಲೆ ಕಂದು ಗೆರೆ ಮೂಡುತ್ತದೆ. ಗೆರೆ ಮೂಡುವುದು ನಿಲ್ಲುವವರೆಗೂ ಕಾಗದ ಬದಲಿಸುತ್ತಾ ಹೋಗುತ್ತೇನೆ. ಮೇಲೆ ಕೆಳಗೆ ಮಾತ್ರ ಯಾವತ್ತೂ ಉಜ್ಜಬಾರದು.

ಎರಡನೇ ಕಷ್ಟ ಬೂಷ್ಟು. ಮಳೆಗಾಲದಲ್ಲಿ ಗೋಡೆಗೆ ಒತ್ತಿದ ಟ್ರಂಕಿನಲ್ಲಿ ಇಟ್ಟ ಕ್ಯಾಸೆಟ್‌ಗಳಿಗೆ ಇದು ಖಾತ್ರಿ. ಕ್ಯಾಸೆಟ್‌ನ ಕಿಟಕಿಯಿಂದ ನೋಡಿದರೆ ರೀಲಿನ ಮೇಲೆ ಜೋಳದ ಹಿಟ್ಟು ಉದುರಿದಂತೆ ಕಾಣುತ್ತದೆ. ಅಂಥದ್ದನ್ನು ಸುಮ್ನೆ ವಿಸಿಆರ್‌ಗೆ ತುರುಕಬೇಡಿ. ಬೂಷ್ಟು ಹೆಡ್ಡಿಗೆ ಹತ್ತುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್‌ಗೂ ಹೋಗುತ್ತದೆ. ನಾನು ಮೊದಲು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಡಬ್ಬಿಯಲ್ಲಿ ವಾರವಿಡೀ ಒಣಗಿಸುತ್ತೇನೆ. ಆಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಕಟ್ಟೆ ಮೇಲೆ ಕೂತು, ಕ್ಯಾಸೆಟ್ ತಳದ ಐದು ಸ್ಕ್ರೂ ಬಿಚ್ಚುತ್ತೇನೆ. ರೀಲುಗಳನ್ನು ಬೇರೆ ಸ್ವಚ್ಛ ಚಿಪ್ಪಿಗೆ ಹಾಕುತ್ತೇನೆ. ಇದಕ್ಕೆಂದೇ ಒಂದು ಹಳೇ ವಿಸಿಆರ್ ಮೀಸಲಿದೆ, ಅದರಲ್ಲಿ ಟೇಪು ಸುತ್ತುತ್ತಾ ಮೆತ್ತನೆ ಬಟ್ಟೆಯಿಂದ ಒರೆಸುತ್ತೇನೆ. ಮೂರು ತಾಸಿನ ಕ್ಯಾಸೆಟ್‌ನಲ್ಲಿ ಸುಮಾರು 250 ಮೀಟರ್ ಟೇಪು ಇರುತ್ತದೆ. ಒಂದಕ್ಕೆ ಅರ್ಧ ದಿನ ಹೋಗುತ್ತದೆ.

ಕಂಪ್ಯೂಟರ್‌ಗೆ ಇಳಿಸುವುದು ಅಷ್ಟು ದೊಡ್ಡದಲ್ಲ. 720ಕ್ಕೆ 576 ಪಿಕ್ಸೆಲ್ ಅಳತೆಯಲ್ಲಿ ತೆಗೆದುಕೊಂಡರೆ ಸಾಕು, ಅದಕ್ಕಿಂತ ಜಾಸ್ತಿ ವಿಎಚ್‌ಎಸ್‌ನಲ್ಲಿ ಇಲ್ಲವೇ ಇಲ್ಲ. ಮೂರು ತಾಸಿನದಕ್ಕೆ ಮೂರು ತಾಸೇ ಕೂರಬೇಕು.

ಹೋದ ಮಳೆಗಾಲದಲ್ಲಿ ಒಬ್ಬ ಅಕ್ಕ ಬಂದರು. 1994ರಲ್ಲಿ ನಡೆದ ಅವರ ಮದುವೆಯ ಕ್ಯಾಸೆಟ್. ಅದನ್ನು ತೆಗೆದವರು ನಾವೇ, ಲೈಟ್ ಹಿಡಿದವನು ನಾನೇ. ಹಿಂದಿನ ವರ್ಷವೇ ಇಳಿಸಿ ಕೊಟ್ಟಿದ್ದೆ. ಅವರು ಮತ್ತೆ ಬಂದದ್ದು ಬೇರೆ ಕಾರಣಕ್ಕೆ.

"ನಮ್ಮ ಅವ್ವ ಒಡಪು ಹೇಳತಾಳ ನೋಡ್ರಿ ಇಲ್ಲಿ. ಬಾಯಿ ಅಳ್ಳಾಡತೈತಿ, ಎಲ್ಲಾರೂ ನಗತಾರ. ಮಾತs ಕೇಳಂಗಿಲ್ಲ. ಏನರ ಮಾಡಾಕ ಬರತೈತೇನ್ರಿ?"

ಒಡಪು ಅಂದರೆ ಗಂಡನ ಹೆಸರು ಸೇರಿಸಿ ಹೇಳುವ ಪ್ರಾಸದ ಮಾತು. ಅದು ಕೇಳುವುದು ಹೇಗೆ? ಮೇಲೆ ಸಿನಿಮಾ ಹಾಡು ಓಡುತ್ತಿತ್ತು. ಆಗ ನಮ್ಮದು ಅದೇ ರೂಢಿ. ಮದುವೆ ಮನೆಯ ಗದ್ದಲ ಚೆನ್ನಾಗಿರುವುದಿಲ್ಲ ಅಂತ, ಎಡಿಟ್ ಆದ ಕ್ಯಾಸೆಟ್ ಹಾಕಿ ಆಡಿಯೊ ಡಬ್ ಬಟನ್ ಒತ್ತಿ ಹಾಡು ತುಂಬುತ್ತಿದ್ದೆವು. ಕ್ಯಾಮೆರಾದ ಮೂಲ ಕ್ಯಾಸೆಟ್ ಮೇಲೆ ಮುಂದಿನ ವಾರ ಇನ್ನೊಂದು ಮದುವೆ ತೆಗೆಯುತ್ತಿದ್ದೆವು. ಆ ಬಟನ್ ಎಷ್ಟೋ ಸಲ ನಾನೇ ಒತ್ತಿದ್ದೇನೆ. ಆ ಅಕ್ಕನಿಗೆ ಆಗುವುದಿಲ್ಲ ಎಂದು ಹೇಳುವಾಗ ನನಗೆ ತುಂಬಾ ಸಂಕಟವಾಯಿತು.

ಅವರು ಹೋದ ಮೇಲೆ ರಾತ್ರಿ ಹೊಳೆಯಿತು. ನಮ್ಮ ಅಂಗಡಿ ಯಜಮಾನರ ಎಡಿಟಿಂಗ್ ವಿಸಿಆರ್ ಹೈಫೈ ಇತ್ತು! ಮಾಮೂಲಿ ವಿಸಿಆರ್ ದನಿಯನ್ನು ಟೇಪಿನ ಅಂಚಿನಲ್ಲಿ ಒಂದು ಮಿಲಿಮೀಟರ್ ಅಗಲದ ಪಟ್ಟಿಯಲ್ಲಿ ಬರೆಯುತ್ತದೆ. ಹೈಫೈ ಆದರೆ ಅದರ ಜೊತೆಗೆ ಇನ್ನೊಂದು ಪ್ರತಿಯನ್ನು ತಿರುಗುವ ಡ್ರಮ್ಮಿನಿಂದ ಚಿತ್ರದ ಅಡಿಯಲ್ಲೇ ಬರೆಯುತ್ತದೆ. ಆಡಿಯೊ ಡಬ್ ಅಳಿಸುವುದು ಅಂಚಿನ ಪಟ್ಟಿಯನ್ನು ಮಾತ್ರ. ಅಡಿಯ ದನಿ ಹೋಗಬೇಕಾದರೆ ಚಿತ್ರವೂ ಹೋಗಬೇಕು. ಚಿತ್ರ ಇದೆ. ಅಂದರೆ ದನಿಯೂ ಇರಬೇಕು. ನನ್ನ ಎರಡೂ ಮಷೀನು ಹೈಫೈ ಅಲ್ಲ, ಅವು ಅಂಚಿನ ಪಟ್ಟಿಯನ್ನಷ್ಟೇ ಓದುತ್ತಿದ್ದವು.

ಹೈಫೈ ವಿಸಿಆರ್ ಹುಡುಕಲು ಎರಡು ತಿಂಗಳು ಹಿಡಿಯಿತು. ಕೊನೆಗೆ ವಿಜಯಪುರದ ಒಬ್ಬರ ಮನೆ ಅಟ್ಟದಲ್ಲಿ ಸಿಕ್ಕಿತು. ಬೆಲ್ಟ್ ಹಾಕಿ, ಹೆಡ್ ಒರೆಸಿ, ಅಕ್ಕನಿಗೆ ಫೋನ್ ಮಾಡಿದೆ. ಅವರು ಬರುವ ತನಕ ನಾನೂ ಹಾಕಿ ನೋಡಿರಲಿಲ್ಲ.

ಮೊದಲು ಬರೀ ಗರಗರ ಸದ್ದು. ಹೆಡ್ಡನ್ನು ಟೇಪಿನ ಗೆರೆಗೆ ಸರಿ ಹೊಂದಿಸುವ ಟ್ರ್ಯಾಕಿಂಗ್ ಸ್ವಲ್ಪ ತಿರುಗಿಸಿದೆ. ಹಾಡು ಇಲ್ಲ. ಹಲಗಿ ಸದ್ದು ಬಂತು, ಯಾರೋ ಮಗುವನ್ನು ಗದರಿಸಿದರು, ತಾಟು ಬಿದ್ದಿತು. ಆಮೇಲೆ ಅವರ ಅವ್ವ ಗಂಟಲು ಸರಿ ಮಾಡಿಕೊಂಡು ಗಂಡನ ಹೆಸರು ಸೇರಿಸಿ ಒಡಪು ಹೇಳಿದಳು. ಇಡೀ ಪಡಸಾಲೆ ನಕ್ಕಿತು. ಅದರ ಹಿಂದೆಯೇ ನಮ್ಮ ಯಜಮಾನರ ದನಿ, "ತಮ್ಮಾ, ಲೈಟ್ ಮ್ಯಾಲೆ ಹಿಡಿ." ಅವರು ತೀರಿಕೊಂಡು ಹನ್ನೆರಡು ವರ್ಷವಾಗಿದೆ.

ಅಕ್ಕ "ಇನ್ನೊಮ್ಮಿ ಹಾಕ್ರಿ" ಅಂದರು. ಐದು ಸಲ ಹಾಕಿದೆ.

ಆಮೇಲೆ ನಾನು ಹಿಂದೆ ಇಳಿಸಿದ್ದ ಎಲ್ಲರಿಗೂ ಫೋನ್ ಮಾಡಿ ಕ್ಯಾಸೆಟ್ ಮತ್ತೆ ತರಿಸಿದೆ. ಏಳು ಕ್ಯಾಸೆಟ್‌ಗಳಲ್ಲಿ ಹಾಡಿನ ಕೆಳಗೆ ದನಿ ಸಿಕ್ಕಿತು. ಇಬ್ಬರು, ಪೆನ್‌ಡ್ರೈವ್ ಬಂತಲ್ವಾ ಅಂತ ಕ್ಯಾಸೆಟ್ ಎಸೆದುಬಿಟ್ಟಿದ್ದರು. ಎರಡೂ ಯಜಮಾನರ ಆ ಹೈಫೈ ವಿಸಿಆರ್‌ನಲ್ಲೇ ಎಡಿಟ್ ಆದವು. ಈಗ ಪ್ರತಿ ಕ್ಯಾಸೆಟ್ ವಾಪಸ್ ಕೊಡುವಾಗ ಡಬ್ಬಿಯ ಮೇಲೆ ಮಾರ್ಕರ್‌ನಿಂದ ದೊಡ್ಡದಾಗಿ ಬರೆಯುತ್ತೇನೆ: ಎಸೆಯಬೇಡಿ.