ಅಂಗೈಗಿ ಕೂಡೋ ಹಿಡಿಕಿ: ಏರ್ ಪಿಸ್ತೂಲಿನ ಗ್ರಿಪ್ ಮನ್ಯಾಗೇ ಕೆತ್ತೂದು

10 ಮೀಟರ್ ಏರ್ ಪಿಸ್ತೂಲಿನ್ಯಾಗ ಟಾರ್ಗೆಟ್ ನಡುವಿನ ಹತ್ತು ಪಾಯಿಂಟಿನ ಚುಕ್ಕಿ ಅಂದ್ರ 11.5 ಮಿಲಿಮೀಟರ್, ಅಂದ್ರ ಅಂಗಿ ಗುಂಡಿ ಅಷ್ಟೇ ನೋಡ್ರಿ. ಆ ಗುಂಡಿಗಿ 75 ನಿಮಿಷದಾಗ 60 ಸಲ ಹೊಡಿಬೇಕು, ಅದೂ ಒಂದೇ ಕೈಲೆ. ಅಂಥದ್ರಾಗ ಹಿಡಿಕಿ ಪ್ರತಿ ಸಲ ಕೈಯಾಗ ಬ್ಯಾರೆ ಬ್ಯಾರೆ ಥರ ಕೂತ್ರ ಎಷ್ಟು ಪ್ರಾಕ್ಟೀಸ್ ಮಾಡಿದ್ರೂ ಅಷ್ಟೇ. ಮನು ಭಾಕರ್ 2024ರಾಗ ಪ್ಯಾರಿಸ್‌ದಾಗ ಕಂಚು ತಂದ ಮ್ಯಾಲ ನಮ್ಮ ಕಲಬುರಗಿ ಹುಡುಗ್ರೂ ಪಿಸ್ತೂಲ್ ಹಿಡಿಲಾಕತ್ಯಾರ, ಎಲ್ಲಾರೂ ಕೇಳೂದು ಟ್ರಿಗರ್ ಹ್ಯಾಂಗ ಹಗುರ ಮಾಡ್ಬೇಕಂತ. ಅದಕ್ಕ ಕೈ ಹಚ್ಚಬ್ಯಾಡ್ರಿ, ಟ್ರಿಗರ್ ಎಳಿಯೂ ಭಾರ 500 ಗ್ರಾಮ್‌ಕಿಂತ ಕಡಿಮಿ ಆದ್ರ ಮ್ಯಾಚಿಗಿ ಬಿಡಂಗಿಲ್ಲ, ಟ್ರಿಗರ್ ವಾಲ್ವ್ ಎಲ್ಲಾ ರಿಪೇರಿ ಗೊತ್ತಿದ್ದವರ ಕೈಯಾಗ ಇರ್ಲಿ. ನಮ್ಮ ಕೈಲೆ ಆಗೂದು ಕಟ್ಟಗಿ ಕೆಲಸ, ಪಾಯಿಂಟ್ ಸಿಗೂದೂ ಅಲ್ಲೇ.

ಹೊಸಬ್ರು ಪೂರಾ ಗ್ರಿಪ್ ಶುರುದಿಂದ ಕೆತ್ಲಾಕ ಹೋಗಬ್ಯಾಡ್ರಿ. ಹೊರಗಿನ ಆಕಾರ ಕಷ್ಟ ಅಲ್ಲ, ಒಳಗ ಪಿಸ್ತೂಲಿನ ಲೋಹದ ಫ್ರೇಮ್ ಕೂಡೋ ಗೂಡು ಕಷ್ಟ, ಅಲ್ಲಿ ಕೂದಲೆಳಿ ಅಷ್ಟು ಸಡಿಲಾದ್ರೂ ಪಿಸ್ತೂಲ್ ಅಲ್ಲಾಡ್ತದ. ಅದಕ್ಕ ಸ್ವಂತದ್ದೊಂದು ಬಿಡಿ ಗ್ರಿಪ್ ತಗೊಂಡು, ಕೈಗಿಂತ ಒಂದು ಸೈಜ್ ದೊಡ್ಡದೇ ಇರ್ಲಿ, ಅದನ್ನೇ ತಿದ್ರಿ. ಕ್ಲಬ್ ಪಿಸ್ತೂಲಿನ ಗ್ರಿಪ್ ಮ್ಯಾಲ ಮಾತ್ರ ಪ್ರಯೋಗ ಬ್ಯಾಡ, ಅದನ್ನ ಇನ್ನೂ ಹತ್ತು ಮಂದಿ ಹಿಡೀತಾರ.

ಕೈ ಪಳಗಿದ ಮ್ಯಾಲ ಹೊಸದು ಕೆತ್ತೋರಿದ್ರ ಕಟ್ಟಗಿ ಮಾತು. ಕಂಪನಿಯವು ಅಖರೋಟ್ ಕಟ್ಟಗಿಲೆ ಮಾಡಿರ್ತಾವ, ನಮ್ಮ ಕಡಿ ಅದೆಲ್ಲಿ ಸಿಗ್ತದ. ನಾ ಹಳೀ ಮಂಚದ ಕಾಲು ತಗೊಂಡೆ, ಶೀಸಂದು, ಶಹಾಬಜಾರ್ ಕಡಿ ಒಬ್ಬ ಬಡಿಗ್ಯಾನ ಅಂಗಡ್ಯಾಗ ಮೂಲ್ಯಾಗ ಬಿದ್ದಿತ್ತು. ಹಳೀ ಕಟ್ಟಗಿ ಯಾಕಂದ್ರ ವರ್ಷಗಟ್ಲೆ ನಮ್ಮ ಬಿಸಿಲು ಕುಡದು ಒಣಗಿರ್ತದ, ಹಸಿ ಕಟ್ಟಗಿ ತಂದು ಕೆತ್ತಿದ್ರ ಏಪ್ರಿಲ್ ಬರೂದ್ರಾಗ ಸೀಳು ಬಿಡ್ತದ. ತ್ಯಾಗದ್ದೂ ಆಗ್ತದ, ಆದ್ರ ಅದ್ರಾಗ ಎಣ್ಣಿ ಅಂಶ ಭಾಳ, ತಗ್ಗು ತುಂಬೋ ಪುಟ್ಟಿ ಸಲೀಸಾಗಿ ಹಿಡಿಯಂಗಿಲ್ಲ. ಬಂಡಿ ಗಾಲಿ ಮಾಡೋ ಜಾಲಿ ಗಟ್ಟಿ ಖರೆ, ಕಾನಸ್ ಹಚ್ಚಿ ಹಚ್ಚಿ ನಿಮ್ಮ ರಟ್ಟಿ ಬೀಳ್ತದ. ಶೀಸಂ ಪುಡಿ ಮೂಗಿಗಿ ಹೋದ್ರ ಕೆಲವ್ರಿಗಿ ಅಲರ್ಜಿ ಆಗ್ತದ, ಮಾಸ್ಕ್ ಹಾಕ್ಕೋರಿ.

ಕೆಲಸ ಹಿಡಿಯೂ ಮೊದ್ಲು ಪಿಸ್ತೂಲ್ ಖಾಲಿ ಅದನೋ ಇಲ್ಲೋ ಎರಡು ಸಲ ನೋಡ್ರಿ, ಕಾನಸ್ ಹಚ್ಚೂ ಮುಂದ ಪ್ರತಿ ಸಲ ಗ್ರಿಪ್ ಬಿಚ್ಚೇ ಹಚ್ರಿ, ಕಟ್ಟಗಿ ಪುಡಿ ಒಳಗ ಹೋದ್ರ ಅದರ ಖರ್ಚು ಬ್ಯಾರೆ. ಸಾಮಾನು ಭಾಳ ಬೇಕಾಗಿಲ್ಲ, ಒಂದು ಅರ್ಧಗೋಲ ಕಾನಸ್, ಒಂದು ಸಣ್ಣ ಗೋಲ್ ಕಾನಸ್, 80ರಿಂದ 400ರ ತನಕ ಪಾಲಿಶ್ ಪೇಪರ್. ಗ್ರಿಪ್‌ನ ತಳ ಮಟ್ಟಸ ಮಾಡ್ಲಾಕ ನಾ ಪಾಲಿಶ್ ಹೊಡದ ಶಹಾಬಾದ್ ಪರಶಿ ತುಂಡಿನ ಮ್ಯಾಲ ಪೇಪರ್ ಅಂಟಿಸಿ ತಿಕ್ತೀನಿ, ಅದಕ್ಕಿಂತ ಸಪಾಟು ಜಾಗ ನಮ್ಮ ಊರಾಗ ಇನ್ನೆಲ್ಲಿ ಸಿಗ್ತದ ಹೇಳ್ರಿ.

ಈಗ ಮುಖ್ಯ ಕೆಲಸ. ಎಲ್ಲಿ ಕೆತ್ತಬೇಕು ಅನ್ನೂದು ಕಣ್ಣಿಗಿ ಕಾಣಂಗಿಲ್ಲ, ಅಂಗೈಗಷ್ಟೇ ಗೊತ್ತು. ಅದಕ್ಕ ನಾ ವಿಭೂತಿ ಗಟ್ಟಿ ತಗೊಂಡು ಅಂಗೈ ತುಂಬ ತೆಳ್ಳಗ ತಿಕ್ಕೋತೀನಿ (ಶರಣಬಸಪ್ಪ ಕ್ಷಮಿಸ್ಲಿ), ಆಮ್ಯಾಲ ಪಿಸ್ತೂಲ್ ಹಿಡದು ಟಾರ್ಗೆಟ್ ಕಡಿ ತೋಳು ಪೂರಾ ಚಾಚಿ ಒಂದು ಅರ್ಧ ನಿಮಿಷ ನಿಂದ್ರತೀನಿ. ಕೆಳಗಿಟ್ಟು ನೋಡಿದ್ರ ಕರಿ ಶೀಸಂ ಮ್ಯಾಲ ಎಲ್ಲಿ ಜೋರು ಒತ್ತೇದ ಅಲ್ಲಿ ದಟ್ಟ ಬಿಳಿ, ಎಲ್ಲಿ ಕೈ ಮುಟ್ಟೇ ಇಲ್ಲ ಅಲ್ಲಿ ಬರೀ ಕಟ್ಟಗಿ. ನನ್ನ ಗ್ರಿಪ್‌ದಾಗ ಹೆಬ್ಬೆರಳಿನ ಬುಡದಾಗ ರೂಪಾಯಿ ನಾಣ್ಯದಷ್ಟು ದಟ್ಟ ಬಿಳಿ ಬಿತ್ತು, ಅಂಗೈ ನಡುವ ಖಾಲಿ. ಅಂದ್ರ ಪಿಸ್ತೂಲ್ ಅಲ್ಲೊಂದೇ ಕಡಿ ಆನಿಸಿಕೊಂಡು ತಿರಗ್ತಿತ್ತು, ನಾ ಆರು ತಿಂಗಳು ಕೋಚ್ ಕಡಿಂದ ಬೈಸ್ಕೊಂಡಿದ್ದು ಇದಕ್ಕೇ. ಬಿಳಿ ಇದ್ದಲ್ಲಿ ಕಾನಸ್ ನಾಕೇ ನಾಕು ಸಲ ಎಳೀರಿ, ಒರಸ್ರಿ, ಮತ್ತ ವಿಭೂತಿ, ಮತ್ತ ಹಿಡೀರಿ. ಒಂದು ಐತವಾರ ಪೂರಾ ಹೋಗ್ತದ, ಹೋಗ್ಲಿ. ಕುರ್ಚ್ಯಾಗ ಕೂತು ಮೊಣಕೈ ಮಡಚಿ ಮಾತ್ರ ಅಳತಿ ನೋಡಬ್ಯಾಡ್ರಿ, ತೋಳು ಚಾಚಿದಾಗ ಅಂಗೈ ಉಬ್ಬು ತಗ್ಗು ಬ್ಯಾರೇನೇ ಆಗ್ತದ.

ಖಾಲಿ ಇದ್ದಲ್ಲಿ ತುಂಬಬೇಕು. ಮೊದಲ ಸಲ ನಾ ಕಟ್ಟಗಿ ಪುಡಿಗಿ ಬಡಿಗ್ಯಾರ ಬಿಳಿ ಅಂಟು ಕಲಸಿ ತುಂಬಿದ್ದೆ, ಎರಡು ತಿಂಗಳದಾಗ ಬೆವರಿಗಿ ಮೆತ್ತಗಾಗಿ ಕೈಗಿ ಹತ್ಲಾಕತ್ತು. ಎರಡು ಟ್ಯೂಬ್ ಕಲಸೋ ಎಪಾಕ್ಸಿಗಿ ಅದೇ ಪುಡಿ ಹಾಕಿದ್ರ ಬೆವರಿಗಿ ಜಗ್ಗಂಗಿಲ್ಲ. ಹಚ್ಚಿದ ಮ್ಯಾಲ ಮ್ಯಾಲೊಂದು ತೆಳ್ಳನ ಪ್ಲಾಸ್ಟಿಕ್ ಹಾಳಿ ಹೊಚ್ಚಿ, ತೋಳು ಚಾಚಿ, ಮ್ಯಾಚಿನ್ಯಾಗ ಹಿಡಿಯೂವಷ್ಟೇ ಬಿಗಿ ಹಿಡದು ಅಚ್ಚು ಒತ್ರಿ, ಹಸಿ ಎಪಾಕ್ಸಿ ಬರೀ ಕೈಗಿ ಹತ್ತಬಾರ್ದು. ಇದನ್ನ ಇಪ್ಪತ್ತು ನಿಮಿಷ ಪ್ರಾಕ್ಟೀಸ್ ಆದ ಮ್ಯಾಲ ಮಾಡ್ರಿ, ಯಾಕಂದ್ರ ಕೈ ಬಿಸಿ ಆದ್ರ ಸ್ವಲ್ಪ ಉಬ್ತದ, ಮುಂಜಾನಿ ತಣ್ಣನ ಕೈಗಿ ಅಳತಿ ತಗೊಂಡ್ರ ಮೇ ತಿಂಗಳದಾಗ ಅದೇ ಗ್ರಿಪ್ ಕಚ್ತದ.

ಟ್ರಿಗರ್ ಬೆರಳು ಮಾತ್ರ ಕಟ್ಟಗಿಗಿ ಎಲ್ಲೂ ತಾಕಬಾರ್ದು. ಬೆರಳು ಗ್ರಿಪ್ ನಡುವ ಒಂದು ಹಾಳಿ ಸಲೀಸಾಗಿ ಓಡಾಡೂವಷ್ಟು ಸಂದಿ ಇರ್ಲಿ, ಇಲ್ಲಂದ್ರ ಟ್ರಿಗರ್ ಎಳೀವಾಗ ಬೆರಳು ಕಟ್ಟಗಿ ನೂಕ್ತದ, ಗುರಿ ಬಾಜೂಕ ಹೋಗ್ತದ.

ಆಮ್ಯಾಲ ಕಣ್ಣು ಮುಚ್ಚಿ ಪಿಸ್ತೂಲ್ ಎತ್ರಿ, ಉಸಿರು ಬಿಟ್ಟು ನಿಂತು ಕಣ್ಣು ತೆಗೀರಿ. ಮುಂದಿನ ಸೈಟ್ (ಗುರಿ ಹಿಡಿಯೂ ಗೂಟ) ಹಿಂದಿನ ಸೈಟಿನ ಕಚ್ಚಿನ ನಡುವ ನಿಂತಿರಬೇಕು. ಪೂರಾ ಪಿಸ್ತೂಲೇ ಟಾರ್ಗೆಟ್ ಬಿಟ್ಟು ಬಾಜೂಕ ನಿಂತಿದ್ರ ಅದು ಕಾಲಿಡೂದ್ರಾಗಿನ ತಪ್ಪು, ಗ್ರಿಪ್ಪಿಂದಲ್ಲ, ಇವೆರಡು ಭಾಳ ಮಂದಿ ಕೂಡಿಸಿ ಸುಮ್ನ ಕಟ್ಟಗಿ ಹಾಳು ಮಾಡ್ತಾರ. ಬಲಗೈಯವ್ರಿಗಿ ಮುಂದಿನ ಸೈಟ್ ಎಡಕ್ಕ ಸರದಿದ್ರ ಗ್ರಿಪ್ಪಿನ್ಯಾಗ ಅಂಗೈ ಕೂಡೋ ಹಿಂಬದಿ ಉಬ್ಬಿಗಿ ಸ್ವಲ್ಪ ಪುಟ್ಟಿ ಸೇರಿಸ್ರಿ, ಬಲಕ್ಕ ಇದ್ರ ಅಲ್ಲೇ ತಿಕ್ಕಿ ಕಡಿಮಿ ಮಾಡ್ರಿ.

ನಿಯಮನೂ ನೋಡ್ಕೋರಿ. ಪೂರಾ ಪಿಸ್ತೂಲ್ 420 ಉದ್ದ, 200 ಎತ್ತರ, 50 ಮಿಲಿಮೀಟರ್ ಅಗಲದ ಪೆಟ್ಟಿಗ್ಯಾಗ ಇಳೀಬೇಕು, ತೂಕ 1500 ಗ್ರಾಮ್ ದಾಟಬಾರ್ದು, ಮಣಿಕಟ್ಟು ಬಿಡಿಯಾಗಿ ಕಾಣ್ಬೇಕು. ಪುಟ್ಟಿ ಮ್ಯಾಲ ಪುಟ್ಟಿ ಹಚ್ಚಿದವ್ರು ಸಿಗಬೀಳೂದು ಆ 50ರಾಗೇ. ರಟ್ಟಿನ ಡಬ್ಬಿ ಅಳತಿಗಿ ಕತ್ತರಿಸಿ ಮನ್ಯಾಗೇ ನೋಡಿಬಿಡ್ರಿ.

ಫಿನಿಶಿಂಗಿಗಿ ವಾರ್ನಿಶ್ ಬ್ಯಾಡ, ಜಾರ್ತದ. ಒದ್ದಿ ಬಟ್ಟಿಲೆ ಒರಸಿ ಒಣಗಿಸಿದ್ರ ಕಟ್ಟಗಿ ರೋಮ ಏಳ್ತಾವ, 320 ಪೇಪರ್ ಹಚ್ರಿ, ಹಿಂಗ ಎರಡು ಸಲ. ಕೈ ಹಿಡಿಯೂ ಜಾಗದಾಗ ಮೊಳಿ ತುದಿ ಮೊಂಡ ಮಾಡಿ ಸುತಗಿಲೆ ಸಣ್ಣಗ ಚುಕ್ಕಿ ಹೊಡೀರಿ, ಸಾಲಾಗಿ ಬ್ಯಾಡ, ರಾಗಿ ಚೆಲ್ಲಿದಂಗ. ಆಮ್ಯಾಲ ಎಣ್ಣಿ. ನಾ ಮೊದಲು ಅಡಗಿ ಮನ್ಯಾಗಿನ ಶೇಂಗಾ ಎಣ್ಣಿ ಹಚ್ಚಿ ಕೆಟ್ಟೆ, ಅದು ಎಷ್ಟು ದಿನ ಇಟ್ರೂ ಒಣಗಂಗಿಲ್ಲ, ಅಂಟಂಟಾಗಿ ಕಮಟು ವಾಸನಿ ಬಂತು, ಎಲ್ಲಾ ಮತ್ತ ತಿಕ್ಕಿ ತೆಗದೆ. ಗಾಳಿಗಿ ಒಣಗಿ ಗಟ್ಟಿ ಆಗೂದು ಅಗಸಿ ಎಣ್ಣಿ, ನಾವು ಹಿಂಡಿ ಕುಟ್ಟಿ ರೊಟ್ಟಿ ಜೋಡಿ ತಿಂತೀವಲ್ಲ ಅದೇ ಅಗಸಿ. ಬಟ್ಟಿಲೆ ತೆಳ್ಳಗ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು, ಉಳದಿದ್ದು ಪೂರಾ ಒರಸಿ ತೆಗೀರಿ. ಹಸಿ ಎಣ್ಣಿ ಆದ್ರ ಒಂದೊಂದು ಕೋಟ್‌ಗಿ ನಾಕೈದು ದಿನ ಬೇಕು, ಅಂಥ ನಾಕು ಕೋಟ್ ಸಾಕು. ಆ ಎಣ್ಣಿ ಬಟ್ಟಿ ಮುದ್ದಿ ಮಾಡಿ ಮೂಲ್ಯಾಗ ಒಗೀಬ್ಯಾಡ್ರಿ, ಒಣಗ್ತಾ ಒಣಗ್ತಾ ತಾನೇ ಕಾವು ಏರಿ ಬೆಂಕಿ ಹತ್ತೋದದ, ನಮ್ಮ ಬ್ಯಾಸಗ್ಯಾಗಂತೂ ಕೇಳಬ್ಯಾಡ್ರಿ. ನೀರಾಗ ನೆನಸಿಡ್ರಿ, ಇಲ್ಲಾ ಹೊರಗ ಹಗ್ಗದ ಮ್ಯಾಲ ಬಿಚ್ಚಿ ಹಾಕ್ರಿ.

ಬ್ಯಾಸಗಿ ಮುಗಿಯೂ ಮುಂದ, ಮಳಿ ಹಿಡಿಯೂ ಮೊದ್ಲು ಗ್ರಿಪ್ಪಿನ ಬೋಲ್ಟ್ ಒಮ್ಮಿ ಮುಟ್ಟಿ ನೋಡ್ರಿ, ಬಿಸಿಲಿಗಿ ಕುಗ್ಗಿದ ಕಟ್ಟಗಿ ಸಡಿಲಾಗಿರ್ತದ, ಆಮ್ಯಾಲ ಅದೇ ಕಟ್ಟಗಿ ಮಳಿ ಥಂಡಿಗಿ ಉಬ್ತದ. ನಂದು ಎರಡು ವರ್ಷದಿಂದ ಜೂನ್‌ದಾಗ ಕಾಲು ಸುತ್ತು ಬಿಗಿ ಬೇಡ್ತದ.