ಮಳೆಗಾಲದ ತಾಳಮದ್ದಲೆ: ವಿಡಿಯೊದಿಂದ ಧ್ವನಿ ತೆಗೆದ ನನ್ನ ಅನುಭವ

ಶಿರಸಿ ಸೀಮೆಯ ನಮ್ಮ ಮನೆಯ ಜಗುಲಿಯಲ್ಲಿ ಒಂದು ಆಷಾಢದ ರಾತ್ರಿ ತಾಳಮದ್ದಲೆ, ಅಂದರೆ ವೇಷ, ಕುಣಿತವಿಲ್ಲದೆ ಹಾಡು ಮತ್ತು ಮಾತಿನಲ್ಲೇ ನಡೆಯುವ ಯಕ್ಷಗಾನ, ಆಗಿತ್ತು. ಕರ್ಣನ ಅರ್ಥ, ಅಂದರೆ ಅವನ ಪಾಲಿನ ಮಾತು, ಹೇಳಿದವರು ನನ್ನ ದೊಡ್ಡಪ್ಪ. ಈಗ ಅವರಿಲ್ಲ. ದೊಡ್ಡಮ್ಮನಿಗೆ ಕಣ್ಣು ಮಂಜಾಗಿದೆ. ‘ಚಿತ್ರ ಬೇಡ, ಅವರ ಮಾತು ಕೇಳುವ ಹಾಗೆ ಮಾಡಿಕೊಡು’ ಎಂದರು.

ನನ್ನ ಬಳಿ ಇದ್ದದ್ದು ಮೊಬೈಲಿಂದ ಮೊಬೈಲಿಗೆ ದಾಟುತ್ತ ಬಂದ ಎಂಪಿ4 ವಿಡಿಯೊ. ಅದರ ಧ್ವನಿಯನ್ನು ಫ್ಲ್ಯಾಕ್ ಎಂಬ ಫೈಲು ರೂಪಕ್ಕೆ ಮಾಡಿದರೆ ಸ್ಟುಡಿಯೊ ಗುಣಮಟ್ಟ ಬರುತ್ತದೆ ಅಂತ ಪರಿಚಿತರೊಬ್ಬರು ಹೇಳಿದರು. ಮಾಡಿ ನೋಡಿದೆ. ಧ್ವನಿಯ ಫೈಲು ಭಾರವಾಯಿತು, ಮದ್ದಲೆ ಮಾತ್ರ ತಗಡು ಬಡಿದ ಹಾಗೇ ಕೇಳುತ್ತಿತ್ತು. ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ ಸ್ಪೆಕ್ಟ್ರೋಗ್ರಾಮ್ (ಯಾವ ಎತ್ತರದ ಕಂಪನ ಎಷ್ಟಿದೆ ಎಂದು ತೋರಿಸುವ ಚಿತ್ರ) ತೆರೆದಾಗ ಕಾರಣ ಕಣ್ಣಿಗೇ ಕಂಡಿತು: ಕೆಳಗೆಲ್ಲ ಬಣ್ಣ, ಸುಮಾರು 11 ಕಿಲೊಹರ್ಟ್ಸ್‌ನಿಂದ ಮೇಲೆ ಕತ್ತಿಯಲ್ಲಿ ಕೊಯ್ದ ಹಾಗೆ ಕಪ್ಪು. 2001ರಲ್ಲಿ ಬಂದ ಫ್ಲ್ಯಾಕ್, ತನ್ನೊಳಗೆ ಹಾಕಿದ್ದನ್ನು ಚೂರೂ ಕಳೆಯದೆ ಕಾಯುತ್ತದೆ, ಅಷ್ಟೇ. ವಿಡಿಯೊದ ಧ್ವನಿಯನ್ನು ಹಿಂಡಿ ಎಎಸಿ ಎಂಬ ರೂಪ ಮಾಡುವಾಗ ಬಿಸಾಡಿದ್ದನ್ನು ತಿರುಗಿ ತಂದುಕೊಡುವುದು ಅದರ ಕೆಲಸವಲ್ಲ. ಪ್ರತಿ ಸಲ ಕಳಿಸುವಾಗ ಮತ್ತೆ ಮತ್ತೆ ಹಿಂಡಿದ ವಿಡಿಯೊದಲ್ಲಿ ಉಳಿಯುವುದಾದರೂ ಏನು?

ಹಾಗಾಗಿ ಮೂಲ ಹುಡುಕಿದೆ. ಅಂದು ಚಿತ್ರೀಕರಿಸಿದ ಭಾವನ ಕಪಾಟಿನಲ್ಲಿ ಹ್ಯಾಂಡಿಕ್ಯಾಮ್‌ನ ಕಾರ್ಡು ಸಿಕ್ಕಿತು. ಫೈಲಿನೊಳಗೆ ಏನಿದೆ ಎಂದು ತೋರಿಸುವ ಎಫ್‌ಎಫ್‌ಪ್ರೋಬ್‌ನಲ್ಲಿ ನೋಡಿದರೆ ಧ್ವನಿ ಡಾಲ್ಬಿಯ ಎಸಿ3 ರೂಪದ್ದು, 48 ಕಿಲೊಹರ್ಟ್ಸ್, ಸೆಕೆಂಡಿಗೆ 256 ಕಿಲೊಬಿಟ್. ಇದೂ ಹಿಂಡಿ ಅಡಕ ಮಾಡಿದ್ದೇ, ಆದರೆ ಒಂದೇ ಸಲ ಅಡಕವಾದದ್ದು. ನನಗೆ ಹಬ್ಬವಾಯಿತು.

ಮೊದಲ ಸಲ ಎಡವಿದ್ದು ಜೋಡಣೆಯಲ್ಲಿ. ಆ ಕ್ಯಾಮೆರಾ 2 ಜಿಬಿ ತುಂಬುತ್ತಲೇ ಹೊಸ ಫೈಲು ಶುರುಮಾಡುತ್ತದೆ. ನಾನು ಒಂದೊಂದನ್ನೇ ಪರಿವರ್ತಿಸಿ ಆಮೇಲೆ ಅಂಟಿಸಿದೆ. ಭಾಗವತರು ಪದ್ಯ ಎತ್ತಿಕೊಂಡಲ್ಲೇ ಟಕ್ ಎಂದು ಕಡಿದು, ತಾಳ ಒಂದು ಕೂದಲೆಳೆ ಹಿಂದೆ ಬಿತ್ತು. ತಾಳಮದ್ದಲೆ ಕೇಳಿ ಬೆಳೆದ ಕಿವಿಗೆ ಅದು ತಕ್ಷಣ ಚುಚ್ಚುತ್ತದೆ. ಎರಡನೇ ಸಲ ಮೂಲದ ಎಂಟಿಎಸ್ ಫೈಲುಗಳನ್ನೇ ಸಾಲಾಗಿ ಒಂದು ಮಾಡಿಕೊಂಡು, ಎಫ್‌ಎಫ್‌ಎಂಪೆಗ್ ಎಂಬ ಪರಿವರ್ತಕ ತಂತ್ರಾಂಶಕ್ಕೆ ಚಿತ್ರ ಬಿಡು, ಧ್ವನಿಯನ್ನು ಇದ್ದ ಹಾಗೇ ನಕಲಿಸು ಎಂದು ಹೇಳಿದೆ. ಒಂದೆರಡು ನಿಮಿಷದ ಕೆಲಸ. ಮೂರು ತಾಸಿನ ಪ್ರಸಂಗ ಸುಮಾರು 345 ಎಂಬಿ, ಗುಣಮಟ್ಟದಲ್ಲಿ ಒಂದು ಬಿಟ್ ಕೂಡ ವ್ಯತ್ಯಾಸವಿಲ್ಲ. ಬರೀ ಕೇಳಲಿಕ್ಕಾದರೆ ಇಲ್ಲಿಗೇ ನಿಲ್ಲಿಸಿ ಎನ್ನುತ್ತೇನೆ.

ನನಗೆ ತಿದ್ದುವುದಿತ್ತು, ಅದಕ್ಕೇ ಫ್ಲ್ಯಾಕ್ ಬೇಕಾಯಿತು. ತಿದ್ದಿದಾಗಲೆಲ್ಲ ಎಂಪಿ3 ಮಾಡಿ ಉಳಿಸಿದರೆ ಪ್ರತಿ ಸಲವೂ ನಷ್ಟ. ಚೆಂಡೆಯ ಪೆಟ್ಟುಗಳು ಡಿಜಿಟಲ್ ಧ್ವನಿಯ ಗರಿಷ್ಠ ಮಟ್ಟವಾದ ಸೊನ್ನೆ ಡೆಸಿಬಲ್ ದಾಟುತ್ತಿದ್ದವು. ಆಡಾಸಿಟಿಯ 32 ಬಿಟ್ ಫ್ಲೋಟ್ ಲೆಕ್ಕದಲ್ಲಿ ಮಿತಿ ದಾಟಿದರೂ ಅವು ಒಡೆಯುವುದಿಲ್ಲ, ಆದ್ದರಿಂದ ಅಲ್ಲೇ 3 ಡೆಸಿಬಲ್ ಇಳಿಸಿ 24 ಬಿಟ್ ಫ್ಲ್ಯಾಕ್‌ಗೆ ಉಳಿಸಿದೆ. ಅಡಕ ಮಾಡದ ವೇವ್ ಫೈಲು ಆಗಿದ್ದರೆ 3 ಜಿಬಿ ದಾಟುತ್ತಿತ್ತು. ಬೆಳಗಿನ ತನಕ ನಡೆಯುವ ಯಕ್ಷಗಾನ ಆಟದ ಧ್ವನಿಯಾದರೆ ವೇವ್‌ನ 4 ಜಿಬಿ ಮಿತಿಯೂ ಅಡ್ಡ ಬರುತ್ತದೆ.

ಮಾಡಿನ ತಗಡಿನ ಮೇಲೆ ಮಳೆ ಸುರಿಯುವ ಸದ್ದು ತೆಗೆಯಲು ನಾಯ್ಸ್ ರಿಡಕ್ಷನ್ ಹಾಕಿದೆ. ಮಳೆಯೇನೋ ಹೋಯಿತು, ಜೊತೆಗೆ ದೊಡ್ಡಪ್ಪನ ‘ಸೂತಪುತ್ರ’ದ ‘ಸೂ’ ಕೂಡ ಸವೆದುಹೋಯಿತು. ಮಳೆಯೂ ಸಕಾರವೂ ಒಂದೇ ಎತ್ತರದ ಕಂಪನಗಳಲ್ಲಿ ಬೆರೆತಿರುತ್ತವೆ. ಅಷ್ಟು ಸ್ಪಷ್ಟ ಉಚ್ಚಾರದ ಅರ್ಥಧಾರಿಯನ್ನು ತೊದಲಿಸಲು ನನಗೆ ಮನಸ್ಸಾಗಲಿಲ್ಲ. ಹಿಂದಕ್ಕೆ ಬಂದು ಮಳೆಯನ್ನು ಹಾಗೇ ಬಿಟ್ಟೆ.

ದೊಡ್ಡಮ್ಮನ ಪೆನ್‌ಡ್ರೈವ್ ಹಾಕುವ ರೇಡಿಯೊಕ್ಕೆ ಎಂಪಿ3 ಬಿಟ್ಟು ಬೇರೇನೂ ಓದಲು ಬರುವುದಿಲ್ಲ. ಕೊನೆಯಲ್ಲಿ ಫ್ಲ್ಯಾಕ್‌ನಿಂದ ಸೆಕೆಂಡಿಗೆ 320 ಕಿಲೊಬಿಟ್‌ನ ಎಂಪಿ3 ಮಾಡಿ ಕೊಟ್ಟೆ. ಮೂಲವೂ ಫ್ಲ್ಯಾಕ್ ಕೂಡ ಎರಡು ಡಿಸ್ಕಿನಲ್ಲಿವೆ.

ಅದೇ ಕಪಾಟಿನಲ್ಲಿ ಇನ್ನೂ ಹಳೆಯ ಎರಡು ಮಿನಿ ಡಿವಿ ಟೇಪುಗಳಿವೆ. ಅವುಗಳಲ್ಲಿ ಧ್ವನಿ ಅಡಕವಾಗದ ಪಿಸಿಎಂ ರೂಪದಲ್ಲೇ ಇರುತ್ತದೆ. ಅದನ್ನು ಹಾಗೇ ಇಳಿಸಿಕೊಳ್ಳಲು ಫೈರ್‌ವೈರ್ ಎಂಬ ಹಳೆಯ ಕೇಬಲ್ ಕಿಂಡಿಯ ಕ್ಯಾಮೆರಾ ಬೇಕು, ಹುಡುಕುತ್ತಿದ್ದೇನೆ. ಒಂದು ಟೇಪಿನ ಅಂಚಿನಲ್ಲಿ ಆಗಲೇ ಬಿಳಿ ಬೂಷ್ಟು ಕಾಣುತ್ತಿದೆ, ಮುಂದಿನ ಮಳೆಗಾಲದೊಳಗೆ ಇಳಿಸಿಕೊಳ್ಳಬೇಕು.